ಭೋಜರಾಜರ ಫೇರ್ ಕಾಪಿ

ಮದುವೆಯ ಕರೆಯೋಲೆ ಕೈಗೆ ಬಂದರೆ ಲೋಕವೆಲ್ಲ ಮೊದಲು ಮುಹೂರ್ತ ನೋಡುತ್ತದೆ, ಆಮೇಲೆ ಊಟದ ಹೊತ್ತು ನೋಡುತ್ತದೆ. ಮದರಾಸಿನ ಪುರಸೈವಾಕ್ಕಂನ ಭೋಜರಾಜರು ಮಾತ್ರ ಮೊದಲು ಜೇಬಿನಿಂದ ಕೆಂಪು ಪೆನ್ನು ತೆಗೆಯುತ್ತಿದ್ದರು. ಕರೆಯೋಲೆಯ ಇಂಗ್ಲಿಷನ್ನು ತಲೆಯಿಂದ ಕಾಲಿನವರೆಗೆ ತಿದ್ದಿ, ಮದುವೆಯ ದಿನ ಅಕ್ಷತೆ ಹಾಕಿ, ಉಡುಗೊರೆಯ ಜೊತೆಗೆ ಆ ತಿದ್ದಿದ ಪ್ರತಿಯನ್ನೂ ಹುಡುಗಿಯ ತಂದೆಯ ಕೈಗಿಟ್ಟು, "ಎರಡನೇ ಮಗಳ ಮದುವೆಗೆ ಅನುಕೂಲ ಆಗುತ್ತೆ, ಜೋಪಾನವಾಗಿಟ್ಕೊಳ್ಳಿ" ಎನ್ನುತ್ತಿದ್ದರು. ಕೊಟ್ಟವರ ಮುಖದಲ್ಲಿ ಸಂತೋಷ, ತೆಗೆದುಕೊಂಡವರ ಮುಖದಲ್ಲಿ ಹರಳೆಣ್ಣೆ.

ಒಂದು ಸಲ ಬೀದಿಯ ಮೂಲೆಯಲ್ಲಿ ಯಾರೋ ಹಿರಿಯರು ತೀರಿಕೊಂಡ ಪೋಸ್ಟರ್ ಅಂಟಿಸಿದ್ದರು. ಸತ್ತವರ ಮೀಸೆಯ ಕೆಳಗೆ ನಾಲ್ಕು ಸಾಲು ಇಂಗ್ಲಿಷ್. ಭೋಜರಾಜರು ಹಾಲು ತರಲು ಹೋದವರು ಹಾಲಿನ ಚೀಲವನ್ನು ನೆಲಕ್ಕಿಟ್ಟು ತಿದ್ದತೊಡಗಿದರು. ಸತ್ತವರ ಗಂಡುಮಕ್ಕಳು ತೋಳು ಮಡಿಸಿಕೊಂಡು ಬಂದರು. "ಎನ್ನ ಸಾರ್, ಎಂಗಪ್ಪಾ ಮುಖದ ಮೇಲೆ ಗೀಚ್ತೀರಾ?" ಎಂದು ಒಬ್ಬ ತಮಿಳಿಗೆ ಕನ್ನಡ ಕಲಸಿ ಕೂಗಿದ. ಭೋಜರಾಜರು ತಣ್ಣಗೆ, "ನಿಮ್ಮ ತಂದೆ ದೊಡ್ಡ ಮನುಷ್ಯರಪ್ಪ. ಅಂಥೋರು ತಪ್ಪು ಇಂಗ್ಲಿಷಿನಲ್ಲಿ ಸ್ವರ್ಗಕ್ಕೆ ಹೋಗಬಾರದು" ಎಂದರು. ಜಗಳಕ್ಕೆ ಬಂದವರು ಅಲ್ಲೇ ಕೂತು ವೈಕುಂಠ ಸಮಾರಾಧನೆಯ ಕಾಗದವನ್ನೂ ಅವರ ಕೈಯಲ್ಲೇ ಬರೆಸಿಕೊಂಡು ಹೋದರು.

ಇಂಥವರ ಮನೆಗೆ ಸೊಸೆಯಾಗಿ ಬಂದವಳು ಸುಮತಿ. ಅವಳು ಮಾಡುತ್ತಿದ್ದ ಕೆಲಸ ಯಾವುದು ಅಂದರೆ, ತಪ್ಪುಗಳನ್ನು ಕೂಡಿಡುವುದು.

ನಿಜ, ಹಾಗೇ. ಸುಮತಿ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಊರುಕೇರಿಯ ಶಾಲೆಗಳಲ್ಲಿ ತಮಿಳಿನಲ್ಲೋ ಕನ್ನಡದಲ್ಲೋ ಓದಿ ಕಾಲೇಜಿಗೆ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವಾಗ ಎಲ್ಲೆಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎನ್ನುವುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ವರ್ಷಾನುಗಟ್ಟಲೆ ಕಾಲೇಜಿನಿಂದ ಕಾಲೇಜಿಗೆ ಅಲೆದು, ಮಕ್ಕಳ ಕೈಯಿಂದ 'ನಮ್ಮ ಊರು', 'ನನ್ನ ಅಜ್ಜಿ' ಎಂದು ಬರೆಸಿ, ಆ ಹಾಳೆಗಳನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಬಂಗಾರದ ಹಾಗೆ ಇಟ್ಟುಕೊಂಡಿದ್ದಳು.

ಅತ್ತೆ ಸಾಕಮ್ಮನವರಿಗೆ ಇದು ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. "ತಪ್ಪು ಮಾಡಿದೋರಿಗೆ ಬೆತ್ತದೇಟು. ತಪ್ಪು ಕೂಡಿಟ್ಟೋರಿಗೆ ಡಾಕ್ಟರ್ ಪದವಿಯಾ? ಹಂಗಾದ್ರೆ ನಿಮ್ಮ ಮಾವನ್ನ ಕಟ್ಟಿಕೊಂಡು ನಾನು ಮಾಡಿರೋ ತಪ್ಪಿಗೆ ಏನು ಕೊಡ್ತಾರೆ ಕೇಳು ನಿಮ್ಮ ಪ್ರೊಫೆಸರ್‌ನ."

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ಅದು. ಸುಮತಿಗೆ ವಿಶ್ವವಿದ್ಯಾಲಯ ಕೊಟ್ಟಿದ್ದ ಗಡುವು ಮಳೆಗಾಲಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಪದವಿ ಇಲ್ಲದಿದ್ದರೆ ಕೆಲಸ ಕಾಯಂ ಇಲ್ಲ ಎಂದು ಕಾಲೇಜಿನವರೂ ಹೇಳಿಬಿಟ್ಟಿದ್ದರು. ಬರೆಯುವುದೇನೂ ಹೆಚ್ಚು ಉಳಿದಿರಲಿಲ್ಲ. ಚೀಲದಲ್ಲಿದ್ದ ಹಾಳೆಗಳನ್ನು ಬಿಡಿಸಿ, ತಪ್ಪುಗಳನ್ನು ವಿಂಗಡಿಸಿ, ಪುರಾವೆಯಾಗಿ ಮೂಲ ಹಾಳೆಗಳನ್ನೂ ಜೊತೆಗಿಟ್ಟರೆ ಆಯಿತು. ಅಷ್ಟರಲ್ಲಿ ಮಂಡ್ಯದಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಗಂಡ ಮುರಳೀಧರನನ್ನೂ ಮಗಳು ಮೌನಳನ್ನೂ ಕರೆದುಕೊಂಡು ಹೋದಳು. ಚೀಲವನ್ನು ಮನೆಯಲ್ಲೇ ಬಿಟ್ಟಳು. ತಪ್ಪು ಅಂದರೆ ಅದೇ ತಪ್ಪು.

ಯಾಕೆಂದರೆ ಭೋಜರಾಜರು ಬರೀ ತಿದ್ದುವವರಲ್ಲ, ಫೇರ್ ಕಾಪಿ ಮಾಡುವವರು. ಕೊಳ್ಳೇಗಾಲದ ಕಡೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದು, ಎಗ್ಮೋರಿನ ಲಾಡ್ಜೊಂದರಲ್ಲಿ ನೆಲದ ಮೇಲೆ ಮಲಗಿ, ರೈಲ್ವೆ ಗುಮಾಸ್ತರಾಗಿ ಸೇರಿ, ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಅವರ ಸೆಕ್ಷನ್ನಿನಲ್ಲಿ ಯಾವ ಕಾಗದವಾದರೂ ಮೊದಲು ಡ್ರಾಫ್ಟ್ ಆಗಿ ಅವರ ಮೇಜಿಗೆ ಬರಬೇಕು. ಅವರು ತಿದ್ದಬೇಕು, ದುಂಡಗೆ ಇನ್ನೊಂದು ಪ್ರತಿ ಬರೆಸಬೇಕು, ಸಾಹೇಬರ ಸಹಿ ಬಿದ್ದ ಮರುಗಳಿಗೆ ಡ್ರಾಫ್ಟನ್ನು ಇಲ್ಲವಾಗಿಸಬೇಕು. "ಡ್ರಾಫ್ಟೂ ಫೇರ್ ಕಾಪಿಯೂ ಸವತಿಯರಿದ್ದ ಹಾಗೆ. ಒಂದೇ ಮನೇಲಿ ಇಟ್ಟರೆ ಒಂದಲ್ಲ ಒಂದು ದಿನ ಜಗಳ ಖಂಡಿತ" ಎನ್ನುವುದು ಅವರು ಹೊಸ ಗುಮಾಸ್ತರಿಗೆಲ್ಲ ಹೇಳಿಕೊಡುತ್ತಿದ್ದ ಮೊದಲ ಪಾಠ.

ಮದುವೆ ಮುಗಿಸಿ ಬಂದ ಸುಮತಿ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಾವ ಎದುರುಗೊಂಡರು. ಮುಖ ಹೊಸದಾಗಿ ಸುಣ್ಣ ಹೊಡೆದ ಗೋಡೆಯಂತೆ ಬೆಳಗುತ್ತಿತ್ತು.

"ನಿನ್ನ ಕೆಲಸ ಎಲ್ಲಾ ಮುಗಿಸಿಟ್ಟಿದ್ದೀನಿ ಕಣಮ್ಮ. ಆ ಮಕ್ಕಳು ಏನು ಬರೆದಿದ್ರು ಅಂತೀಯ! ಅಯ್ಯೋ ದೇವರೇ, ಸಾಲಿಗೊಂದು ಹಳ್ಳ, ಪದಕ್ಕೊಂದು ಮುಳ್ಳು. ಇಂಥದ್ದನ್ನ ಯೂನಿವರ್ಸಿಟಿಗೆ ಕೊಟ್ಟಿದ್ರೆ ನಿನ್ನ ಮರ್ಯಾದೆ ಏನಾಗೋದು? ಈಗ ನೋಡು. ಒಂದೇ ಒಂದು ತಪ್ಪಿಲ್ಲ."

ಬಾಂಡ್ ಪೇಪರಿನ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ. ಟ್ಯಾಗ್ ಹಾಕಿ ಕಟ್ಟಿದ ಕಂತೆ.

ಸುಮತಿ ಕಂತೆಯ ಹಾಳೆ ತಿರುವಿದಳು. "ಮಾವ, ಆ ಮಕ್ಕಳು ಬರೆದ ಹಾಳೆಗಳು?"

"ಡ್ರಾಫ್ಟಾ? ಡ್ರಾಫ್ಟನ್ನ ಯಾರಾದ್ರೂ ಇಟ್ಕೋತಾರಾ?"

ಒಳಗಿನಿಂದ ಸಾಕಮ್ಮನವರು ಕೈ ಒರೆಸಿಕೊಳ್ಳುತ್ತ ಬಂದರು. "ಹಳೇ ಪೇಪರಿನೋನಿಗೆ ಹಾಕಿದೆ ಕಣೆ. ಇವ್ರೇ ಕೊಟ್ರು. ಯಾಕೆ, ಏನಾಯ್ತು? ಯಾಕೆ ಹಂಗೆ ಕೂತುಬಿಟ್ಟೆ?"

ಸುಮತಿ ಹೊಸ್ತಿಲ ಮೇಲೆಯೇ ಕೂತಿದ್ದಳು. ಅಳಬೇಕೋ ಕಿರುಚಬೇಕೋ ಅವಳಿಗೆ ಗೊತ್ತಾಗಲಿಲ್ಲ. ತಪ್ಪುಗಳ ಮೇಲಿನ ಪಿಎಚ್‌ಡಿಯಲ್ಲಿ ಈಗ ತಪ್ಪೇ ಇರಲಿಲ್ಲ. ಕಳ್ಳತನದ ಮೇಲೆ ಪುರಾಣ ಬರೆಯಲು ಹೊರಟರೆ, ಯಾರೋ ಪುಣ್ಯಾತ್ಮರು ಕಳ್ಳರನ್ನೆಲ್ಲ ಹಿಡಿದು ಸನ್ಯಾಸ ಕೊಡಿಸಿದ ಹಾಗಾಗಿತ್ತು.

ವಿಷಯ ತಿಳಿದ ಮೇಲೆ ಭೋಜರಾಜರ ಮುಖದ ಸುಣ್ಣ ಉದುರಿತು. "ತಪ್ಪು ಬೇಕಾಗಿತ್ತಾ?" ಎಂದು ಮೆಲ್ಲಗೆ ಕೇಳಿದರು. ಅವರ ಜೀವಮಾನದಲ್ಲಿ ಯಾರೂ ಅಂಥದ್ದೊಂದು ವಸ್ತು ಬೇಕು ಎಂದಿರಲಿಲ್ಲ.

"ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಿ" ಎಂದರು ಸಾಕಮ್ಮ.

ಮಾರನೆಯ ದಿನ ಸುಮತಿ ಕಾಲೇಜಿಗೆ ಓಡಿದಳು. ರಜೆಯ ತರಗತಿಗೆ ಬಂದಿದ್ದ ಹೊಸ ಮಕ್ಕಳನ್ನು ಕೂರಿಸಿ, ಕಾಗದ ಹಂಚಿ, ಆತುರದಲ್ಲಿ ನಿಜ ಹೇಳಿಬಿಟ್ಟಳು: ನನಗೆ ನಿಮ್ಮ ತಪ್ಪುಗಳು ಬೇಕು. ತರಗತಿ ಗಾಬರಿಯಾಯಿತು. "ಮ್ಯಾಡಂ, ಎಷ್ಟು ತಪ್ಪು ಕಂಪಲ್ಸರಿ? ಚಾಯ್ಸ್ ಇದೆಯಾ?" ಎಂದು ಒಬ್ಬ ಎದ್ದು ನಿಂತ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನಗೆ ತಪ್ಪು ಬರುವುದಿಲ್ಲವೆಂದು ಗಳಗಳನೆ ಅತ್ತಳು. ಕೆಲವರು ಗೈಡಿನಿಂದ ಬಾಯಿಪಾಠ ಮಾಡಿದ್ದ ಪ್ರಬಂಧವನ್ನು ಕಾಮಾ ಸಮೇತ ಇಳಿಸಿದರು. ಉಳಿದವರು ತರಗತಿಯಲ್ಲಿ ಚೆನ್ನಾಗಿ ತಪ್ಪು ಮಾಡುವವನೆಂದು ಹೆಸರಾಗಿದ್ದ ಒಬ್ಬನ ಸುತ್ತ ಕೂತು ನಕಲು ಹೊಡೆದರು. ಎಲ್ಲರ ಹಾಳೆಯಲ್ಲೂ ಅದೇ ಸಾಲಿನಲ್ಲಿ ಅದೇ ತಪ್ಪು. ಕೇಳಿ ಪಡೆದ ತಪ್ಪು ತಪ್ಪಲ್ಲ ಎನ್ನುವುದು ಸುಮತಿಗೆ ಅಂದು ತಿಳಿಯಿತು.

ಇತ್ತ ಸಾಕಮ್ಮನವರು ಹಳೇ ಪೇಪರಿನವನನ್ನು ಬೀದಿಯಲ್ಲೇ ಅಡ್ಡಗಟ್ಟಿದ್ದರು. ಅವನು ತಲೆ ಕೆರೆದುಕೊಂಡು, "ಆ ಗಟ್ಟಿ ಪೇಪರಾ ಅಮ್ಮಾ? ಅದೆಲ್ಲಾ ಬೀಚ್‌ಗೆ ಪೋಯಿಡಿಚ್ಚೇ" ಎಂದ. ತ್ರಿಪ್ಲಿಕೇನಿನ ಒಬ್ಬ ವ್ಯಾಪಾರಿಗೆ ಕೊಟ್ಟಿದ್ದನಂತೆ. ಆ ವ್ಯಾಪಾರಿ ಮರೀನಾದಲ್ಲಿ ಸುಂಡಲ್ ಮಾರುವವರಿಗೆ ಹಂಚಿದ್ದನಂತೆ. ಸುಂಡಲ್ ಅಂದರೆ ನಮ್ಮ ಕಡಲೆ ಉಸಲಿಯೇ. ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿಯಾಗಿ ಹಾಕಿಕೊಡುತ್ತಾರೆ.

ಹೀಗೆ ಮನೆಮಂದಿಯೆಲ್ಲ ಬಿಸಿಲು ಇಳಿಯುತ್ತಲೇ ಸಮುದ್ರತೀರಕ್ಕೆ ದಂಡು ಹೋಗುವಂತಾಯಿತು. ಮರಳಿನ ಮೇಲೆ ಜನ ಗಾಳಿ ತಿನ್ನುತ್ತಿದ್ದರು. ಇವರು ಮಾತ್ರ ಒಬ್ಬೊಬ್ಬ ಮಾರುವವರ ಬುಟ್ಟಿಯನ್ನೂ ಬಗ್ಗಿ ನೋಡುತ್ತ ನಡೆದರು. ಕೊನೆಗೆ ಒಬ್ಬ ಹೆಂಗಸಿನ ಬುಟ್ಟಿಯಲ್ಲಿ ಕೈಬರಹದ ಹಾಳೆ ಕಂಡಿತು.

"ಏಮ್ಮಾ, ಸುಂಡಲ್ ಬೇಡ, ಆ ಕಾಗದ ಮಾತ್ರ ಕೊಡಮ್ಮ" ಎಂದರು ಸಾಕಮ್ಮ.

ಹೆಂಗಸು ಸಿಡುಕಿದಳು. ದೀಪ ಹಚ್ಚುವ ಹೊತ್ತಿನಲ್ಲಿ ಬರಿಯ ಪೊಟ್ಟಣ ಕೊಟ್ಟರೆ ವ್ಯಾಪಾರ ಮುಳುಗುತ್ತದೆ, ಪೊಟ್ಟಣ ಕೊಟ್ಟರೆ ತುಂಬಿಸಿಯೇ ಕೊಡುವುದು, ತೆಗೆದುಕೊಂಡವರು ತಿನ್ನಲೇಬೇಕು ಎಂದಳು. "ಸುಂಡಲ್ ಸಾಪ್ಪಿಡ ವಂದೀಂಗಳಾ, ಪೇಪರ್ ಸಾಪ್ಪಿಡ ವಂದೀಂಗಳಾ?"

ತಿನ್ನಲು ಬಂದದ್ದು ಕಡಲೆಯನ್ನೋ ಕಾಗದವನ್ನೋ ಎಂದು ಅವಳು ಕೇಳಿದ್ದಕ್ಕೆ ಎಲ್ಲರೂ ಬುಟ್ಟಿಯ ಮುಂದೆ ಕೂತರು. ತಿಂದರು. ಸುಮತಿ ತಿಂದಳು, ಮುರಳೀಧರ ಬ್ಯಾಂಕಿನಿಂದ ನೇರವಾಗಿ ಬಂದು ತಿಂದ, ಮೌನ "ಪೋದುಂಮ್ಮಾ, ಸಾಕು" ಎಂದು ಹೊಟ್ಟೆ ಹಿಡಿದುಕೊಂಡಳು. ಭೋಜರಾಜರು ಪ್ರಾಯಶ್ಚಿತ್ತವೆಂದು ಎಲ್ಲರಿಗಿಂತ ಹೆಚ್ಚು ತಿಂದರು. ಆದರೆ ಮೊದಲ ಪೊಟ್ಟಣ ಖಾಲಿಯಾಗಿ, ಹಾಳೆ ಬಿಡಿಸಿದ ಕೂಡಲೇ ಅವರ ಕೈ ತಾನಾಗಿಯೇ ಜೇಬಿಗೆ ಹೋಯಿತು.

"ರೀ!" ಸಾಕಮ್ಮ ಕೈ ಹಿಡಿದರು.

"ಇಲ್ಲ ಕಣೆ, ಒಂದೇ ಒಂದು ಕಡೆ..."

"ಪೆನ್ನು ಕೊಡಿ ಇಲ್ಲಿ."

ಅಂದಿನಿಂದ ಆ ಕೆಂಪು ಪೆನ್ನು ಸಾಕಮ್ಮನವರ ಸೆರಗಿನ ಗಂಟಿನಲ್ಲಿ ಸೆರೆಯಾಯಿತು. ಎಷ್ಟು ದಿನ ಹೋದರು ಎನ್ನುವುದನ್ನು ಹೊಟ್ಟೆಗಳನ್ನೇ ಕೇಳಬೇಕು. ಒಂದು ಸಂಜೆ ಹೋದಾಗ ಹೆಂಗಸಿನ ಬುಟ್ಟಿಯಲ್ಲಿ ಬರೀ ನ್ಯೂಸ್ ಪೇಪರ್ ಇತ್ತು. ಸುತ್ತಲಿನವರ ಬುಟ್ಟಿಯಲ್ಲೂ ಅಷ್ಟೇ. ಮಕ್ಕಳ ಊರುಗಳೂ ಅಜ್ಜಿಯರೂ ಮದರಾಸಿನ ಜನರ ಕೈಯಲ್ಲಿ ಖಾಲಿಯಾಗಿ ಸಮುದ್ರದ ಗಾಳಿಗೆ ಹಾರಿಹೋಗಿದ್ದರು. ಸಿಕ್ಕಿದ್ದು ಒಂದು ಹಿಡಿ, ಅದರಲ್ಲೂ ಅರ್ಧ ಹಾಳೆಗಳೇ ಹೆಚ್ಚು. ಒಂದರ ಮೇಲೆ ಸಾಸಿವೆ ಅಂಟಿತ್ತು, ಒಂದರ ಮೇಲೆ ಕರಿಬೇವು. ಇಷ್ಟರಿಂದ ಪಿಎಚ್‌ಡಿ ಆಗುವ ಮಾತೇ ಇರಲಿಲ್ಲ.

ಸುಮತಿ ಆ ಎಣ್ಣೆಯ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ಸುಮ್ಮನೆ ಇರಲಾರದೆ ಮಾವನ ಕಂತೆ ಬಿಚ್ಚಿ, ಆಯಾ ಹಾಳೆಯ ಫೇರ್ ಕಾಪಿಯನ್ನು ಪಕ್ಕದಲ್ಲಿಟ್ಟಳು. ಓದಿದಳು. ಮತ್ತೆ ಓದಿದಳು.

ಒಬ್ಬ ಹುಡುಗ ತನ್ನ ಮುರುಕು ಇಂಗ್ಲಿಷಿನಲ್ಲಿ, ನಮ್ಮೂರಲ್ಲಿ ಒಂದು ಕೆರೆ ಇದೆ, ಸಾಯಂಕಾಲ ನಾವು ಈಜುತ್ತೇವೆ ಎಂದು ಬರೆದಿದ್ದ. ಭೋಜರಾಜರ ಇಂಗ್ಲಿಷಿನಲ್ಲಿ ಅದು, "ಸದರಿ ಊರಿನಲ್ಲಿ ಕೆರೆಯೊಂದು ಇರುವುದನ್ನು ತಮ್ಮ ಅವಗಾಹನೆಗೆ ತರಲು ನಿರ್ದೇಶಿಸಲ್ಪಟ್ಟಿದ್ದೇನೆ. ಮೇಲ್ಕಂಡ ಕೆರೆಯಲ್ಲಿ ಸಾಯಂಕಾಲದ ವೇಳೆ ಈಜುವ ಕ್ರಮ ಜರುಗಿಸಲಾಗುತ್ತಿದೆ" ಎಂದಾಗಿತ್ತು. ಒಬ್ಬಳು ಹುಡುಗಿ, ನನ್ನ ಅಜ್ಜಿ ಹೋದ ವರ್ಷ ಸತ್ತುಹೋದಳು, ನನಗೆ ಅಳು ಬರುತ್ತದೆ ಎಂದು ಬರೆದಿದ್ದಳು. ಫೇರ್ ಕಾಪಿಯಲ್ಲಿ, "ಅಜ್ಜಿಯವರನ್ನು ಕಳೆದ ಸಾಲಿನಲ್ಲಿ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದ್ದು, ಈ ಬಗ್ಗೆ ಕೆಳಗೆ ಸಹಿ ಮಾಡಿದವರ ಕಣ್ಣೀರು ಇಂದಿಗೂ ಬಾಕಿ ಇರುತ್ತದೆ."

ಸುಮತಿ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತಿತು, ಹಾಳೆಗಳನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಬರೀ ಕಚೇರಿಯ ಧಾಟಿಯಲ್ಲ ಅದು. ಸಾಲುಸಾಲಿಗೂ ತಪ್ಪುಗಳಿದ್ದವು. ಮಕ್ಕಳ ತಪ್ಪುಗಳ ಅಣ್ಣ ತಮ್ಮಂದಿರೇ ಅವು. ಮಕ್ಕಳದು ಹಾಲುಗಲ್ಲದ ತಪ್ಪು, ಮಾವನ ತಪ್ಪಿಗೆ ಮೀಸೆ ಬಂದು, ಮೀಸೆ ಹಣ್ಣಾಗಿ, ಪಿಂಚಣಿ ಬರುತ್ತಿತ್ತು. ಒಂದೇ ಒಂದು ತಪ್ಪಿಲ್ಲ ಎಂದಿದ್ದ ಕಂತೆಯಲ್ಲಿ ಅವಳು ಕಳೆದುಕೊಂಡದ್ದಕ್ಕಿಂತ ಹೆಚ್ಚು ನಿಧಿ ಇತ್ತು.

ಅವಳ ಗೈಡು ಪ್ರೊಫೆಸರ್ ತಿರುನಾವುಕ್ಕರಸು ಎರಡೂ ಹಾಳೆಗಳನ್ನು ಕೈಯಲ್ಲಿ ಹಿಡಿದು ಕುರ್ಚಿಯಿಂದ ಎದ್ದೇಬಿಟ್ಟರು. "ಯಾರಮ್ಮಾ ಇವರು? ಬದುಕಿದ್ದಾರಾ?"

"ನಮ್ಮ ಮಾವ ಸರ್."

"ಜೋಪಾನವಾಗಿ ನೋಡಿಕೋ!" ಎಂದರು ಪ್ರೊಫೆಸರ್, ಅಳಿವಿನಂಚಿನ ಹಕ್ಕಿಯ ಸುದ್ದಿ ಕೇಳಿದವರಂತೆ. ಕಲಿಯುವವನ ತಪ್ಪನ್ನು, ಹಿಂದೆ ಕಲಿತವನು ತಿದ್ದಿದಾಗ ಆ ತಪ್ಪು ಏನಾಗುತ್ತದೆ? ಇದನ್ನು ಯಾರೂ ಮಾಡಿಲ್ಲ. ವಿಷಯ ಹೀಗೆ ತಿರುಗಿಸು, ಗಡುವಿನೊಳಗೆ ಕೊಡು, ಹೋಗು ಎಂದರು. "ಅವರ ಒಪ್ಪಿಗೆ ಮಾತ್ರ ತಗೋ."

ಸುಮತಿ ಮನೆಗೆ ಬಂದು ಮಾವನ ಮುಂದೆ ನಿಂತಳು. ಆ ತಪ್ಪು ಮಾಡಿದ ದಿನದಿಂದ ಅವರು ಅರ್ಧ ಆಗಿದ್ದರು. ಪೇಪರ್ ಓದುವುದನ್ನೂ ಬಿಟ್ಟಿದ್ದರು.

"ಮಾವ, ನಿಮ್ಮ ಫೇರ್ ಕಾಪಿಗಳನ್ನೂ ನನ್ನ ಪ್ರಬಂಧದಲ್ಲಿ ಸೇರಿಸಿಕೊಳ್ಳಲಾ?"

ಭೋಜರಾಜರ ಬೆನ್ನು ನೆಟ್ಟಗಾಯಿತು. "ಮಾದರಿ ಅಂತ ತಾನೇ?"

"ಹ್ಞೂ... ಅದೂ ಒಂಥರಾ ಮಾದರೀನೇ ಮಾವ."

"ಲೇ ಸಾಕಮ್ಮ! ಕೇಳಿದೆಯೇನೆ? ಯೂನಿವರ್ಸಿಟಿಗೆ ಹೋಗುತ್ತಂತೆ ನನ್ನ ಇಂಗ್ಲಿಷು!"

ಆ ಮೇಲೆ ಸುಮತಿ ನೆಮ್ಮದಿಯಾಗಿ ಉಂಡದ್ದಿಲ್ಲ. ಪ್ರಬಂಧ ಬರೆದು ಮುಗಿಸಿದಳು, ಗಡುವಿನೊಳಗೆ ಒಪ್ಪಿಸಿಯೂ ಆಯಿತು. ಮನೆಯ ಪ್ರತಿಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಓದಿದರೆ ಮಾವನ ಎದೆ ಒಡೆಯುತ್ತದೆ ಎನ್ನುವುದು ಒಂದು ಭಯ, ಫೇರ್ ಕಾಪಿ ಮಾಡಿಬಿಡುತ್ತಾರೆ ಎನ್ನುವುದು ಇನ್ನೊಂದು. ಹಲವು ತಿಂಗಳ ಮೇಲೆ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಅದು ಬಾಗಿಲು ತೆರೆದಿಟ್ಟು ನಡೆಯುವ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು ಎಂದು ಮುರಳೀಧರ ಬಾಯಿತಪ್ಪಿ ಹೇಳಿಬಿಟ್ಟ. ಭೋಜರಾಜರು ನಿವೃತ್ತಿಯ ದಿನ ಹಾಕಿಕೊಂಡಿದ್ದ ಕೋಟನ್ನು ಇಸ್ತ್ರಿಗೆ ಕೊಟ್ಟರು.

ಪರೀಕ್ಷೆಯ ದಿನ ಅವರು ಮೊದಲ ಸಾಲಿನಲ್ಲೇ ಕೂತರು. ಪಕ್ಕದಲ್ಲಿ ರೇಷ್ಮೆ ಸೀರೆಯ ಸಾಕಮ್ಮ. ಹೈದರಾಬಾದಿನಿಂದ ಬಂದಿದ್ದ ಪರೀಕ್ಷಕರು ನಗುವ ಅಭ್ಯಾಸವಿಲ್ಲದ ಮನುಷ್ಯ. ಸುಮತಿ ಚೆನ್ನಾಗಿಯೇ ಉತ್ತರ ಹೇಳುತ್ತಿದ್ದಳು. ಆಗ ಅವರು ಪ್ರೊಜೆಕ್ಟರಿನ ಮೇಲೆ ಒಂದು ಹಾಳೆ ಇಟ್ಟರು. ಗೋಡೆಯ ತುಂಬ ಮುತ್ತಿನಂಥ ಅಕ್ಷರ ಮೂಡಿತು. ಕೆಳಗೆ ಸಹಿ ಮಾಡಿದವರ ಕಣ್ಣೀರು ಇಂದಿಗೂ ಬಾಕಿ ಇರುತ್ತದೆ.

"ನೋಡೇ, ನಂದು!" ಎಂದು ಭೋಜರಾಜರು ಪಿಸುಗುಟ್ಟಿದ್ದು ಇಡೀ ಹಾಲಿಗೆ ಕೇಳಿಸಿತು.

"ಹೇಳಿ," ಎಂದರು ಪರೀಕ್ಷಕರು. "ಈ ವಾಕ್ಯ ಸರಿಯೋ ತಪ್ಪೋ?"

ಸುಮತಿ ಗೋಡೆ ನೋಡಿದಳು. ಮಾವನ ಕೋಟು ನೋಡಿದಳು. ತಪ್ಪು ಎಂದರೆ ಮಾವ ಹೋದರು, ಸರಿ ಎಂದರೆ ಪದವಿ ಹೋಯಿತು. ನೀರು ಕುಡಿದಳು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದಳು.

"ಉತ್ತರ ಬರಲಿ. ನಿಮ್ಮ ಪ್ರಬಂಧವೆಲ್ಲ ಇದರ ಮೇಲೇ ನಿಂತಿದೆ. ಹೇಳಲಾಗದಿದ್ದರೆ ನಾನು ಬೇರೆ ರೀತಿ ಬರೆಯಬೇಕಾಗುತ್ತದೆ."

ಭೋಜರಾಜರು ಸೊಸೆಯ ಮುಖವನ್ನೇ ನೋಡುತ್ತಿದ್ದರು. ಎಂಥೆಂಥ ಡ್ರಾಫ್ಟುಗಳನ್ನೋ ನೋಡಿದ ಕಣ್ಣು ಅದು. ಎಲ್ಲಿ ಗುಮಾಸ್ತ ಹೆದರಿ ಪೆನ್ನು ನಿಲ್ಲಿಸಿದ್ದಾನೆ ಎನ್ನುವುದು ಅದಕ್ಕೆ ಥಟ್ಟನೆ ಗೊತ್ತಾಗುತ್ತಿತ್ತು. ಗೋಡೆ ನೋಡಿದರು, ಸೊಸೆಯನ್ನು ನೋಡಿದರು. ಮಾದರಿ ಎಂದರೆ ಎಂಥ ಮಾದರಿ ಎನ್ನುವುದು ನಿಧಾನವಾಗಿ ಅವರೊಳಗೆ ಇಳಿಯಿತು. ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು.

ಭೋಜರಾಜರು ತಮ್ಮ ಇಂಗ್ಲಿಷಿನಲ್ಲಿ, ಸಾಹೇಬರ ಮುಂದೆ ಫೈಲು ಮಂಡಿಸುವ ಧ್ವನಿಯಲ್ಲಿ ಹೇಳಿದರು: "ಮಾನ್ಯರೇ, ಅಭ್ಯರ್ಥಿಯು ಬಂಧುತ್ವದ ಕಾರಣದಿಂದ ಸಂಕೋಚಪಡುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ತಪ್ಪನ್ನು ಎಸಗಿದ ನೌಕರನು ಕೆಳಗೆ ನಿಂತಿರುವ ನಾನೇ ಆಗಿರುತ್ತೇನೆ. ಅಭ್ಯರ್ಥಿಗೆ ನಿರ್ದಾಕ್ಷಿಣ್ಯವಾಗಿ ಮುಂದುವರಿಯಲು ಅಪ್ಪಣೆ ಕೊಡಿಸಬೇಕಾಗಿ ಪ್ರಾರ್ಥಿಸಲಾಗಿದೆ."

ನಗುವ ಅಭ್ಯಾಸವಿಲ್ಲದ ಪರೀಕ್ಷಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ನೀವು ಮಾತಾಡುವುದೂ ಹೀಗೆಯೇ?"

"ಸೇವಾವಧಿ ಪೂರ್ತಿ, ಮಾನ್ಯರೇ. ಈ ಬಾಬ್ತು ಈವರೆಗೆ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ."

ಅವರು ಬಾಯಿ ತೆರೆದಷ್ಟೂ ಸೊಸೆಯ ಪ್ರಬಂಧಕ್ಕೆ ಪುರಾವೆ ಉದುರುತ್ತಿತ್ತು. ಪರೀಕ್ಷಕರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ತಿರುನಾವುಕ್ಕರಸು ಸೀಲಿಂಗ್ ನೋಡುತ್ತ ತುಟಿ ಕಚ್ಚಿಕೊಂಡಿದ್ದರು. ಭೋಜರಾಜರು ಸೊಸೆಯ ಕಡೆ ತಿರುಗಿ ಕನ್ನಡದಲ್ಲಿ, "ಹೇಳು ಕಣಮ್ಮ, ಹೆದರಬೇಡ. ತಪ್ಪಿಗೆ ದಾಕ್ಷಿಣ್ಯ ಇರಬಾರದು" ಎಂದು ಕೂತರು.

ಸುಮತಿ ಲೋಟ ಕೆಳಗಿಟ್ಟಳು. "ತಪ್ಪು" ಎಂದಳು. ಯಾಕೆ ತಪ್ಪು, ಎಲ್ಲಿಂದ ಬಂತು, ಎಷ್ಟು ಕಾಲ ಬದುಕಿತು, ಅದನ್ನು ಬದುಕಿಸಿದ ಕಚೇರಿ ಎಂಥದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಆ ಮುದುಕರ ಜೀವನಚರಿತ್ರೆಯೇ ಆಯಿತು ಅದು. ಪದವಿಗೆ ಶಿಫಾರಸಾಯಿತು. ಎಲ್ಲರಿಗೂ ಕೇಸರಿಬಾತು, ಬೋಂಡ, ಕಾಫಿ.

ಆಟೋದಲ್ಲಿ ಮನೆಗೆ ಹೊರಟರು. ಎಗ್ಮೋರ್ ಸ್ಟೇಷನ್ ದಾಟಿದ ಮೇಲೆ ಭೋಜರಾಜರು ಕೇಳಿದರು. "ಹಂಗಾದ್ರೆ ಅಷ್ಟು ವರ್ಷ ಸಾಹೇಬ್ರು ಸಹಿ ಹಾಕ್ತಿದ್ರಲ್ಲ?"

"ಅವ್ರಿಗೂ ಬರ್ತಿರಲಿಲ್ಲ ಬಿಡಿ" ಎಂದರು ಸಾಕಮ್ಮ.

"ಮಾವ, ನಾನು ನಿಮಗೆ ಮೊದಲೇ ಹೇಳಬೇಕಿತ್ತು..."

"ಏನು ಹೇಳ್ತಿದ್ದೆ? ಹೇಳಿದ್ರೆ ನಾನು ತಿದ್ದಿಬಿಡ್ತಿದ್ದೆ. ಆಮೇಲೆ ನಿನಗೆ ಏನು ಉಳೀತಿತ್ತು?" ಕೋಟಿನ ಗುಂಡಿ ಬಿಚ್ಚಿಕೊಳ್ಳುತ್ತ ಮತ್ತೆ ಕೇಳಿದರು. "ಅದಿರಲಿ, ಆ ಹೈದರಾಬಾದಿನೋರು ನನ್ನ ಕೈ ಕುಲುಕಿ ಏನೋ ಅಂದ್ರಲ್ಲ. ನೀವೇ ಡೇಟಾ ಅಂತ. ಅದೇನು, ದೊಡ್ಡದಾ?"

"ಅದಿಲ್ಲದೆ ಯಾರಿಗೂ ಡಾಕ್ಟರೇಟ್ ಬರಲ್ಲ ಮಾವ."

ಭೋಜರಾಜರು ಹೊರಗೆ ನೋಡುತ್ತ ಮೀಸೆಯ ಮೇಲೆ ಕೈಯಾಡಿಸಿದರು. ಸಾಕಮ್ಮ ಸೆರಗಿನ ಗಂಟು ಬಿಚ್ಚಿ ಕೆಂಪು ಪೆನ್ನನ್ನು ಅವರ ಜೇಬಿಗೆ ಸಿಕ್ಕಿಸಿದರು.

ಇಂದಿಗೂ ಪುರಸೈವಾಕ್ಕಂನ ಆ ಮನೆಯ ಬಾಗಿಲಲ್ಲಿ ಒಂದು ಬೋರ್ಡು ಇದೆ. ಪೇಂಟರ್ ಎಷ್ಟು ಬೇಡವೆಂದರೂ ಕೇಳದೆ, ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಬರೆಸಿದ್ದು. ಮೇಲೆ ಡಾ. ಸುಮತಿ ಮುರಳೀಧರ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ: ಕೆ. ಭೋಜರಾಜ, ಡೇಟಾ. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಇದೇನು ಸಾರ್, ಯಾವ ಡಿಪಾರ್ಟ್‌ಮೆಂಟು ಎಂದು ಕೇಳಿದರೆ, ಅವರು ಅವನ ಕೈಯಲ್ಲಿರುವ ಕಾಗದದ ವಿಳಾಸವನ್ನು ತಿದ್ದುತ್ತಲೇ, "ಪದವಿ ಕಣಪ್ಪ. ಓದಿ ಬರೋದಲ್ಲ, ಅವರಾಗೇ ಕರೆದು ಕೊಡಬೇಕು" ಎನ್ನುತ್ತಾರೆ.